ಕನ್ನಡ ಕೂಟಗಳ ಪದಾಧಿಕಾರಿಗಳಿಗೆ ಬಹಿರಂಗ ಪತ್ರ: ಅರೆಸ್ಟ್ ರೆಕಾರ್ಡ್ ನೋಡುವ ರೀತಿ ಇದಲ್ಲ

ಕ್ಯಾಲಿಫೋರ್ನಿಯಾದ ಕನ್ನಡ ಕೂಟಗಳ ಅಧ್ಯಕ್ಷರು, ಕಾರ್ಯಕಾರಿ ಸಮಿತಿಯ ಸದಸ್ಯರು ಹಾಗೂ ಕನ್ನಡ ಶಾಲೆಗಳ ಸಂಚಾಲಕರಿಗೆ,

ಮಾನ್ಯರೇ,

ನಾನು ನಿಮ್ಮ ಕೂಟಗಳಲ್ಲೊಂದರ ಸದಸ್ಯೆ. ನನ್ನ ಮಗಳು ಭಾನುವಾರದ ಕನ್ನಡ ಶಾಲೆಗೆ ಹೋಗುತ್ತಾಳೆ. ಹೊಟ್ಟೆಪಾಡಿಗೆ ವಕೀಲರೊಬ್ಬರ ಕಚೇರಿಯಲ್ಲಿ ಕಾಗದಪತ್ರ ನೋಡಿಕೊಳ್ಳುತ್ತೇನೆ. ನಾನೇ ವಕೀಲಳಲ್ಲ, ಹಾಗಾಗಿ ಇಲ್ಲಿ ಬರೆದಿರುವುದನ್ನು ಯಾರೂ ಕಾನೂನು ಸಲಹೆ ಎಂದು ತಿಳಿಯಬಾರದು. ದೂರು ಎಂದು ತಿಳಿದರೆ ಸಾಕು.

ದೂರು ಇಷ್ಟು. ನಮ್ಮ ಶಾಲೆಯಲ್ಲಿ ಮಕ್ಕಳಿಗೆ ಕಾಗುಣಿತ ಕಲಿಸುತ್ತಿದ್ದ ಮೇಷ್ಟ್ರೊಬ್ಬರಿಗೆ ಈ ಸಲದ ತರಗತಿಗಳು ಶುರುವಾಗುವ ಹೊತ್ತಿಗೆ ‘ಸದ್ಯಕ್ಕೆ ನೀವು ಬರುವುದು ಬೇಡ’ ಎಂದು ಹೇಳಿಕಳಿಸಲಾಯಿತು. ಕಾರಣ ಬರೆದು ಕೊಡಲಿಲ್ಲ. ಕಾರಣ ಗೊತ್ತಾಗಿದ್ದು ಪೋಷಕರ ವಾಟ್ಸ್ಯಾಪ್ ಗುಂಪಿನಿಂದ. ಸಮಿತಿಯವರೊಬ್ಬರು ದುಡ್ಡು ಕಟ್ಟಿ ಹೆಸರು ಹುಡುಕುವ ಜಾಲತಾಣವೊಂದರಲ್ಲಿ ಮೇಷ್ಟ್ರ ಹೆಸರು ಹಾಕಿದ್ದರು. ಪಕ್ಕದ ಕೌಂಟಿಯಲ್ಲಿ ಆಗಿದ್ದ ಒಂದು ಅರೆಸ್ಟ್ ಸಿಕ್ಕಿತ್ತು, ಜೊತೆಗೆ ಜೈಲಿನಲ್ಲಿ ತೆಗೆದ ಫೋಟೊ. ಆ ಫೋಟೊದ ಸ್ಕ್ರೀನ್‌ಶಾಟು ‘ದಯವಿಟ್ಟು ಯಾರಿಗೂ ಕಳಿಸಬೇಡಿ’ ಎಂಬ ಒಕ್ಕಣೆಯ ಸಮೇತ ಒಂದೇ ಸಂಜೆಯಲ್ಲಿ ಊರೆಲ್ಲ ಸುತ್ತಿತು. ಮೇಷ್ಟ್ರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಅವರ ಹೆಸರನ್ನಾಗಲಿ, ಕೂಟದ ಹೆಸರನ್ನಾಗಲಿ ಹಾಕುವುದಿಲ್ಲ, ಏಕೆಂದರೆ ಬೇರೆ ಕೂಟಗಳಲ್ಲೂ ಇದೇ ನಡೆಯುತ್ತಿದೆ ಎಂದು ಅಲ್ಲಿನ ಗೆಳತಿಯರಿಂದ ಕೇಳಿದ್ದೇನೆ.

ಆಗಿದ್ದೇನು? ರಾತ್ರಿ ಊಟ ಮುಗಿಸಿ ಬರುವಾಗ ಪೊಲೀಸರು ಕಾರು ನಿಲ್ಲಿಸಿದರು, ಕುಡಿದು ಓಡಿಸುತ್ತಿದ್ದಾರೆಂಬ ಅನುಮಾನದ ಮೇಲೆ ಒಯ್ದರು, ಬೆರಳಚ್ಚು ತೆಗೆದು ಫೋಟೊ ಹಿಡಿದು ಬೆಳಗ್ಗೆ ಬಿಟ್ಟರು. ಆಮೇಲೆ ಬಂದ ರಕ್ತದ ವರದಿಯಲ್ಲಿ ಮದ್ಯದ ಪ್ರಮಾಣ ಶೇಕಡಾ 0.08ರ ಮಿತಿಗಿಂತ ಕಡಿಮೆ ಇತ್ತು. ಕೌಂಟಿಯ ಸರ್ಕಾರಿ ಅಭಿಯೋಜಕರಾದ ಡಿಸ್ಟ್ರಿಕ್ಟ್ ಅಟಾರ್ನಿ (ಡಿಎ) ಚಾರ್ಜ್ ಹಾಕಲೇ ಇಲ್ಲ. ಕೋರ್ಟಿನಲ್ಲಿ ಕೇಸಿಗೆ ನಂಬರೂ ಬೀಳಲಿಲ್ಲ. ಇಂಥ ಸಂದರ್ಭಕ್ಕೆ ಕ್ಯಾಲಿಫೋರ್ನಿಯಾ ದಂಡಸಂಹಿತೆಯ 849.5ನೇ ಕಲಮು ನೇರವಾಗಿದೆ: ಹಿಡಿದು ಬಿಟ್ಟ ಮೇಲೆ ಆರೋಪಪಟ್ಟಿ ಸಲ್ಲಿಕೆಯಾಗದಿದ್ದರೆ ಅದನ್ನು ಅರೆಸ್ಟ್ ಎಂದೇ ಪರಿಗಣಿಸುವಂತಿಲ್ಲ, ತಡೆದು ನಿಲ್ಲಿಸಿದ್ದು ಎಂದಷ್ಟೇ ಪರಿಗಣಿಸಬೇಕು. ಹಾಗೆಂದು ಬರೆದ ಪ್ರಮಾಣಪತ್ರವೂ ಸಿಗುತ್ತದೆ. ಅಂದರೆ ರಾಜ್ಯದ ಕಾನೂನಿನ ಲೆಕ್ಕದಲ್ಲಿ ಮೇಷ್ಟ್ರು ಅರೆಸ್ಟೇ ಆಗಿಲ್ಲ. ಕೂಟದ ಲೆಕ್ಕದಲ್ಲಿ ಮಾತ್ರ ಅಪರಾಧಿ.

ಹಾಗಾದರೆ ಆ ಜಾಲತಾಣಕ್ಕೆ ಫೋಟೊ ಸಿಕ್ಕಿದ್ದು ಹೇಗೆ ಎಂದು ನೀವು ಕೇಳಬಹುದು. ಬಂಧಿತನ ಪೂರ್ತಿ ಹೆಸರು, ಉದ್ಯೋಗ, ಹುಟ್ಟಿದ ದಿನ, ಎತ್ತರ, ತೂಕ, ಕಣ್ಣು ಮತ್ತು ಕೂದಲಿನ ಬಣ್ಣ, ಹಿಡಿದ ಜಾಗ, ಹೊರಿಸಿದ ಆರೋಪ, ಜಾಮೀನಿನ ಮೊತ್ತ ಇವೆಲ್ಲ ಈ ರಾಜ್ಯದಲ್ಲಿ ಸಾರ್ವಜನಿಕ ಮಾಹಿತಿ. ಪೊಲೀಸರು ಗುಟ್ಟಾಗಿ ಯಾರನ್ನೂ ಹಿಡಿದಿಡಬಾರದು ಎಂಬ ಒಳ್ಳೆಯ ಕಾರಣಕ್ಕೇ ಇದನ್ನು ಬಹಿರಂಗವಾಗಿ ಇಟ್ಟಿದ್ದಾರೆ, ಅದರ ಬಗ್ಗೆ ನನ್ನ ತಕರಾರಿಲ್ಲ. ಶೆರಿಫ್ ಕಚೇರಿಯ ಬುಕಿಂಗ್ ಪಟ್ಟಿಯಲ್ಲಿ, ಅಂದರೆ ಜೈಲಿಗೆ ತಂದವರ ಪಟ್ಟಿಯಲ್ಲಿ, ಬಂದದ್ದನ್ನು ಖಾಸಗಿಯವರು ಅಂದಂದೇ ಎತ್ತಿಕೊಂಡು ಮಾರುತ್ತಾರೆ. ಹಿಡಿದ ಸುದ್ದಿ ಮೊದಲ ದಿನವೇ ಹೋಗುತ್ತದೆ. ಬಿಟ್ಟ ಸುದ್ದಿಯನ್ನು ಎತ್ತಿಕೊಳ್ಳುವವರು ಯಾರೂ ಇಲ್ಲ, ಏಕೆಂದರೆ ಅದಕ್ಕೆ ಗಿರಾಕಿ ಇಲ್ಲ. ಫೋಟೊ ಹಾಕಿ, ತೆಗೆಯಲು ದುಡ್ಡು ಕೇಳುವ ದಂಧೆಯೂ ಇತ್ತು. 2015ರಿಂದ ಈ ರಾಜ್ಯದಲ್ಲಿ ಹಾಗೆ ದುಡ್ಡು ಕೇಳುವುದೇ ಕಾನೂನುಬಾಹಿರ. 2018ರ ಮೇ ತಿಂಗಳಲ್ಲಿ ರಾಜ್ಯದ ಆಗಿನ ಅಟಾರ್ನಿ ಜನರಲ್ ಕ್ಸೇವಿಯರ್ ಬೆಸೆರಾ ಅವರು ಮಗ್‌ಶಾಟ್ಸ್ ಡಾಟ್ ಕಾಮ್ ನಡೆಸುತ್ತಿದ್ದವರ ಮೇಲೆ ಸುಲಿಗೆಯ ಆರೋಪವನ್ನೇ ಹೊರಿಸಿದರು. ಪೊಲೀಸ್ ಇಲಾಖೆಗಳು ತಮ್ಮ ಸೋಷಿಯಲ್ ಮೀಡಿಯಾ ಪುಟಗಳಲ್ಲಿ ಇಂಥ ಫೋಟೊ ಹಾಕುವುದಕ್ಕೂ 2022ರಿಂದ ಕಡಿವಾಣ ಬಿದ್ದಿದೆ. ಪೊಲೀಸರಿಗೇ ಹಾಕಬೇಡಿ ಎಂದು ಶಾಸನಸಭೆ ಹೇಳಿರುವ ಫೋಟೊವನ್ನು ನಮ್ಮ ಪೋಷಕರ ಗುಂಪು ಹಂಚಿತು.

ಇನ್ನೊಂದು ವಿಷಯ ಹೇಳದೆ ಮುಂದೆ ಹೋಗಲಾರೆ. ಸಮಿತಿ ಬಳಸಿದ ಜಾಲತಾಣದ ಪುಟದ ಅಡಿಯಲ್ಲಿ, ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ, ಈ ಮಾಹಿತಿಯನ್ನು ಕೆಲಸಕ್ಕೆ ತೆಗೆದುಕೊಳ್ಳುವ ಅಥವಾ ಮನೆ ಬಾಡಿಗೆ ಕೊಡುವ ತೀರ್ಮಾನಕ್ಕೆ ಬಳಸಬೇಡಿ ಎಂದು ಅವರೇ ಬರೆದುಕೊಂಡಿದ್ದಾರೆ. ಹಿನ್ನೆಲೆ ಪರಿಶೀಲನೆಯ ವರದಿ ಕೊಡುವ ಕಂಪನಿಗಳನ್ನು ಕಟ್ಟಿಹಾಕುವ ಫೆಡರಲ್ ಕಾನೂನಿನಿಂದ ತಪ್ಪಿಸಿಕೊಳ್ಳಲು ಇಂಥವರೆಲ್ಲ ಹಾಕಿಕೊಳ್ಳುವ ರಕ್ಷೆ ಅದು. ಸಮಿತಿಯವರು ಅಷ್ಟು ಕೆಳಗಿನವರೆಗೆ ಓದಲಿಲ್ಲ.

ಮಕ್ಕಳ ಸುರಕ್ಷೆಯ ಪ್ರಶ್ನೆ ಬಂದಾಗ ಎಚ್ಚರಿಕೆ ಬೇಡವೇ ಎಂದು ಕಾರ್ಯದರ್ಶಿಯವರು ನನ್ನನ್ನು ಕೇಳಿದರು. ಬೇಕು. ತಾಯಿಯಾಗಿ ನಾನೇ ಮೊದಲು ಕೇಳುತ್ತೇನೆ. ಅದಕ್ಕೆ ಕಾನೂನು ದಾರಿ ಮಾಡಿಕೊಟ್ಟಿದೆ. 2022ರಿಂದ ಜಾರಿಯಲ್ಲಿರುವ ಎಬಿ 506 ಎಂಬ ರಾಜ್ಯದ ಕಾಯ್ದೆಯ ಪ್ರಕಾರ ಮಕ್ಕಳನ್ನು ನೋಡಿಕೊಳ್ಳುವ ಸಂಸ್ಥೆಗಳು ತಮ್ಮ ಆಡಳಿತಗಾರರು, ನೌಕರರು ಮತ್ತು ಖಾಯಂ ಸ್ವಯಂಸೇವಕರಿಗೆ ಬೆರಳಚ್ಚಿನ ಮೂಲಕ ಹಿನ್ನೆಲೆ ಪರಿಶೀಲನೆ ಮಾಡಿಸಬೇಕು. ತಿಂಗಳಿಗೆ 16 ಗಂಟೆ ಅಥವಾ ವರ್ಷಕ್ಕೆ 32 ಗಂಟೆಗಿಂತ ಹೆಚ್ಚು ಹೊತ್ತು ಮಕ್ಕಳ ಜೊತೆ ಇರುವ ವಯಸ್ಕರೆಲ್ಲ ಖಾಯಂ ಸ್ವಯಂಸೇವಕರೇ. ನಮ್ಮ ಭಾನುವಾರದ ಶಾಲೆಯ ಮೇಷ್ಟ್ರುಗಳು ವರ್ಷಕ್ಕೆ 32 ಗಂಟೆ ದಾಟುವುದಿಲ್ಲವೇ? ಹಾಗಿದ್ದರೆ ಲೈವ್ ಸ್ಕ್ಯಾನ್, ಅಂದರೆ ಕಂಪ್ಯೂಟರಿನಲ್ಲಿ ತೆಗೆಯುವ ಈ ಬೆರಳಚ್ಚು, ಎಲ್ಲರಿಗೂ ಆಗಬೇಕು, ಅಧ್ಯಕ್ಷರನ್ನೂ ಸೇರಿಸಿ. ನಮ್ಮಲ್ಲಿ ಆಗಿರಲಿಲ್ಲ. ಕಾನೂನು ಹೇಳಿದ ಪರಿಶೀಲನೆಯನ್ನು ಬಿಟ್ಟು, ಕಾನೂನು ಹೇಳದ ಪರಿಶೀಲನೆಯನ್ನು ಒಬ್ಬರ ಮೇಲೆ ಮಾತ್ರ ಮಾಡಿದ್ದಕ್ಕೆ ಎಚ್ಚರಿಕೆ ಎಂದು ಹೆಸರಿಡುವುದು ನನಗೆ ಒಪ್ಪಿಗೆಯಿಲ್ಲ.

ಬೆರಳಚ್ಚು ಏಕೆ, ಹೆಸರು ಏಕೆ ಸಾಲದು ಎಂಬುದನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ. ಸಂತೇಶಿವರವೋ ಹೊಳಲ್ಕೆರೆಯೋ ನಮ್ಮ ಹೆಸರಿನ ಮುಂದೆ ಒಂದು ಅಕ್ಷರವಾಗಿ ನಿಂತಿರುತ್ತದೆ, ಅಪ್ಪನ ಹೆಸರು ಇನ್ನೊಂದು ಅಕ್ಷರ. ಪಾಸ್‌ಪೋರ್ಟಿಗೆ ಬಂದಾಗ ಯಾವುದೋ ಒಂದು ಹಿಗ್ಗುತ್ತದೆ, ಇನ್ನೊಂದು ಬಿದ್ದುಹೋಗುತ್ತದೆ. ಮಂಜುನಾಥ, ನಾಗರಾಜ ಎಂಬ ಎರಡು ಹೆಸರು ಹಿಂದೆ ಮುಂದೆ ಸೇರಿದವರು ಇಲ್ಲಿ ಎಷ್ಟು ಜನರಿಲ್ಲ! ಮೇಷ್ಟ್ರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾನೆ ಖಾಲಿ ಇತ್ತು. ವೀಸಾದಲ್ಲಿ ಪೂರ್ತಿ ಹೆಸರು ಸರ್‌ನೇಮ್ ಆಗಿ, ಮೊದಲ ಹೆಸರಿನ ಜಾಗಕ್ಕೆ ‘ಎಫ್‌ಎನ್‌ಯು’ ಬಂದು ಕೂತಿತ್ತು, ‘ಮೊದಲ ಹೆಸರು ಗೊತ್ತಿಲ್ಲ’ ಎಂಬುದರ ಇಂಗ್ಲಿಷ್ ಚುಟುಕು ಅದು. ಜೈಲಿನ ಗುಮಾಸ್ತರೂ ಅದನ್ನೇ ಇಳಿಸಿಕೊಂಡರು. ನಾನು ಅವರ ಜೊತೆ ಶೆರಿಫ್ ಕಚೇರಿಯ ರೆಕಾರ್ಡ್ಸ್ ಕಿಟಕಿಗೆ ಹೋದಾಗ ಗಾಜಿನ ಆಚೆ ಕೂತಿದ್ದ ಹೆಂಗಸು ಅವರ ಹೆಸರನ್ನು ಮೂರು ಥರ ಹೊಡೆದು ನೋಡಿ, ‘ಹಾಗೆ ಯಾರೂ ಇಲ್ಲವಲ್ಲ’ ಎಂದರು. ‘ಎಫ್‌ಎನ್‌ಯು ಹಾಕಿ ನೋಡಿ’ ಎಂದೆ. ಒಡನೆ ಬಂತು. ಹುಡುಕಿದವರಿಗೆ ಸಿಗದ ಕಡತ ಇದೆ, ಸಂಬಂಧವೇ ಇಲ್ಲದವನ ಹೆಸರಿಗೆ ಅಂಟುವ ಕಡತವೂ ಇದೆ. ಮೇಲಾಗಿ, ಹುಟ್ಟಿದ ದಿನ ಹಾಕಿ ಕೋರ್ಟಿನ ಕ್ರಿಮಿನಲ್ ಸೂಚಿಯನ್ನು ಹುಡುಕುವ ಸೌಲಭ್ಯವನ್ನು ಸಾರ್ವಜನಿಕರಿಗೆ ಕೊಡುವಂತಿಲ್ಲ ಎಂದು 2021ರಲ್ಲಿ ರಿವರ್‌ಸೈಡ್ ಕೌಂಟಿಯ ಪ್ರಕರಣವೊಂದರಲ್ಲಿ ಮೇಲ್ಮನವಿ ನ್ಯಾಯಾಲಯ ತೀರ್ಪು ಕೊಟ್ಟಿದೆ. ಆದ್ದರಿಂದ ಬರೀ ಹೆಸರು ಹಾಕಿ ತೆಗೆದ ಫಲಿತಾಂಶ ನಿಮ್ಮ ಮೇಷ್ಟ್ರದ್ದೇ ಎಂದು ಕೋರ್ಟಿನ ಕಿಟಕಿಯಲ್ಲೂ ಖಚಿತವಾಗುವುದಿಲ್ಲ.

ಈಗ, ಇಂಥ ಸ್ಥಿತಿಯಲ್ಲಿ ಸಿಕ್ಕಿಕೊಂಡ ನಮ್ಮವನೊಬ್ಬ ಏನು ಮಾಡಬೇಕು? ಇದನ್ನು ಹೇಳಿಕೊಡುವವರೇ ಇಲ್ಲ ಎಂಬುದು ನನ್ನ ಎರಡನೆಯ ದೂರು, ಮತ್ತು ಮೊದಲನೆಯದಕ್ಕಿಂತ ದೊಡ್ಡದು. ಕೂಟಗಳು ಟ್ಯಾಕ್ಸಿನ ಬಗ್ಗೆ ಸೆಮಿನಾರ್ ಇಡುತ್ತವೆ, ಗ್ರೀನ್ ಕಾರ್ಡ್ ಬಗ್ಗೆ ಇಡುತ್ತವೆ, ಭಾರತದಲ್ಲಿ ಸೈಟು ಕೊಳ್ಳುವ ಬಗ್ಗೆ ಊಟದ ಸಮೇತ ಇಡುತ್ತವೆ. ಅರೆಸ್ಟ್ ಎಂಬ ಮಾತು ಬಂದರೆ ಎಲ್ಲರ ಬಾಯಿಗೂ ಬೀಗ. ಅದು ನಮ್ಮಂಥವರಿಗೆ ಆಗುವುದಲ್ಲ ಎಂಬ ಭಾವನೆ. ಅಂಗಡಿಯ ಸೆಲ್ಫ್ ಚೆಕ್‌ಔಟಿನಲ್ಲಿ ಎರಡು ಸಾಮಾನು ಸ್ಕ್ಯಾನ್ ಆಗದೆ ಬಾಗಿಲಲ್ಲಿ ತಡೆಸಿಕೊಂಡ ಅಜ್ಜಿಯಂದಿರು, ಜಗಳದ ಸದ್ದು ಕೇಳಿ ಪಕ್ಕದ ಮನೆಯವರು 911ಕ್ಕೆ ಫೋನು ಮಾಡಿದ ಮನೆಗಳು ನಮ್ಮಲ್ಲೂ ಇವೆ. ಹೆಂಡತಿಯ ಮೇಲೆ ಕೈಮಾಡಿದವನನ್ನು ಮುಚ್ಚಿಹಾಕಿ ಎಂದು ನಾನು ಹೇಳುತ್ತಿಲ್ಲ. ಕಾನೂನೂ ಹಾಗೆ ಹೇಳುವುದಿಲ್ಲ: ಕೌಟುಂಬಿಕ ಹಿಂಸೆಯಲ್ಲಿ ಮತ್ತೆ ಮತ್ತೆ ಸಿಕ್ಕಿಬಿದ್ದವನಿಗೆ ಕಡತ ಮುಚ್ಚಿಸಿಕೊಳ್ಳುವುದು ಹಕ್ಕಾಗಿ ಸಿಗುವುದಿಲ್ಲ, ನ್ಯಾಯಾಧೀಶರು ತೂಗಿ ನೋಡಬೇಕು. ನಾನು ಹೇಳುತ್ತಿರುವುದು ತಪ್ಪು ಸಾಬೀತಾಗದವರ ಬಗ್ಗೆ.

ಮೊದಲ ಕಷ್ಟ, ಕಡತ ಎಲ್ಲೆಲ್ಲಿದೆ ಎಂದು ತಿಳಿಯುವುದು. ಅಮೆರಿಕದಲ್ಲಿ 3,100ಕ್ಕೂ ಹೆಚ್ಚು ಕೌಂಟಿಗಳಿವೆ, ಈ ರಾಜ್ಯವೊಂದರಲ್ಲೇ 58. ಒಂದೇ ಅರೆಸ್ಟಿನ ಕಾಗದ ಹಿಡಿದ ಪೊಲೀಸರಲ್ಲಿ, ಜೈಲು ನಡೆಸುವ ಶೆರಿಫ್ ಕಚೇರಿಯಲ್ಲಿ, ಡಿಎ ಕಚೇರಿಯಲ್ಲಿ, ಕೇಸಾಗಿದ್ದರೆ ಕೌಂಟಿಯ ಸುಪೀರಿಯರ್ ಕೋರ್ಟಿನಲ್ಲಿ, ಅಲ್ಲಿಂದ ರಾಜ್ಯದ ನ್ಯಾಯ ಇಲಾಖೆಯಲ್ಲಿ, ಕೊನೆಗೆ ಎಫ್‌ಬಿಐನಲ್ಲಿ ಇರುತ್ತದೆ. ಎಲ್ಲವೂ ಒಂದಕ್ಕೊಂದು ತಾಳೆಯಾಗುತ್ತವೆ ಎಂದು ನಂಬಬೇಡಿ. ಎಫ್‌ಬಿಐ ವ್ಯವಸ್ಥೆಯ ಅರೆಸ್ಟ್ ದಾಖಲೆಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಮಾತ್ರ ಕೊನೆಗೇನಾಯಿತು ಎಂಬ ನಮೂದಿದೆ ಎಂದು 2006ರಲ್ಲಿ ಅಮೆರಿಕದ ಅಟಾರ್ನಿ ಜನರಲ್ ವರದಿಯೇ ಒಪ್ಪಿಕೊಂಡಿತ್ತು. ನಿಮ್ಮ ಬಗ್ಗೆ ರಾಜ್ಯದ ಕಂಪ್ಯೂಟರಿನಲ್ಲಿ ಏನಿದೆ ಎಂದು ತಿಳಿಯಲು ಲೈವ್ ಸ್ಕ್ಯಾನ್ ಅಂಗಡಿಯಲ್ಲಿ ಬೆರಳಚ್ಚು ಕೊಟ್ಟು ‘ರೆಕಾರ್ಡ್ ರಿವ್ಯೂ’ ಕೇಳಬೇಕು. ಇಲಾಖೆಯ ಶುಲ್ಕ 25 ಡಾಲರ್, ಅಂಗಡಿಯವರದ್ದು ಬೇರೆ. ಎಫ್‌ಬಿಐಯದಕ್ಕೆ 18 ಡಾಲರ್. ಯಾವುದೇ ಅರ್ಜಿಗೆ ಮುಂಚೆ ಇವೆರಡನ್ನೂ ತರಿಸಿಕೊಳ್ಳಿ ಎಂದು ನಮ್ಮ ಕಚೇರಿಗೆ ಬಂದವರಿಗೆಲ್ಲ ಹೇಳುತ್ತೇವೆ.

ಎರಡನೆಯದು ಮುಚ್ಚಿಸುವುದು. ಶಿಕ್ಷೆಯಾಗದ ಅರೆಸ್ಟಿನ ಕಡತಕ್ಕೆ ಮೊಹರು ಹಾಕಿಸುವ ಹಕ್ಕು 2018ರ ಜನವರಿ 1ರಿಂದ 851.91ನೇ ಕಲಮಿನಲ್ಲಿದೆ. ಸಿಆರ್-409 ಎಂಬ ನಮೂನೆ ತುಂಬಿ ಅರೆಸ್ಟ್ ಆದ ಕೌಂಟಿಯ ಕೋರ್ಟಿಗೆ ಕೊಡಬೇಕು, ವಿಚಾರಣೆಗೆ ಕನಿಷ್ಠ 15 ದಿನ ಮುಂಚೆ ಡಿಎಗೂ ಪೊಲೀಸರಿಗೂ ಪ್ರತಿ ಮುಟ್ಟಿಸಬೇಕು. ಚಾರ್ಜೇ ಆಗಿರದಿದ್ದರೆ ಚಾರ್ಜು ಹಾಕುವ ಕಾಲಮಿತಿ ಮುಗಿಯುವವರೆಗೆ ಕಾಯಬೇಕು, ಸಣ್ಣ ಅಪರಾಧ ಎನಿಸುವ ಸಾಮಾನ್ಯ ಮಿಸ್‌ಡಿಮೀನರ್‌ಗೆ ಅದು ಒಂದು ವರ್ಷ. ಮೊಹರು ಬಿದ್ದ ಮೇಲೆ ಕಡತ ನಾಶವಾಗುವುದಿಲ್ಲ, ಅಪರಾಧ ನ್ಯಾಯ ವ್ಯವಸ್ಥೆಯ ಆಚೆಗೆ ಇದನ್ನು ಕೊಡಕೂಡದು ಎಂಬ ಷರಾ ಬೀಳುತ್ತದೆ. ಪೂರ್ತಿ ನಾಶವಾಗಬೇಕೆಂದರೆ 851.8ರ ದಾರಿ ಇದೆ. ಅಲ್ಲಿ ತಾನು ನಿಜಕ್ಕೂ ನಿರಪರಾಧಿ ಎಂದು ತೋರಿಸುವ ಭಾರ ಅರ್ಜಿದಾರನ ಮೇಲೆ, ಅರೆಸ್ಟಾದ ಅಥವಾ ಚಾರ್ಜು ಸಲ್ಲಿಸಿದ ದಿನ, ಯಾವುದು ನಂತರದ್ದೋ ಅದರಿಂದ ಎರಡು ವರ್ಷದೊಳಗೆ ಕೇಳಬೇಕು. ಇವಲ್ಲದೆ 2022ರ ಜುಲೈಯಿಂದ ರಾಜ್ಯದ ನ್ಯಾಯ ಇಲಾಖೆಯೇ 1973ರಿಂದೀಚಿನ ಕಡತಗಳನ್ನು ಜಾಲಾಡಿ, ಅರ್ಹವಾದವನ್ನು ಅರ್ಜಿಯಿಲ್ಲದೆ ತಾನೇ ಮುಚ್ಚುವ ವ್ಯವಸ್ಥೆ ಶುರುವಾಗಿದೆ. ‘ತಾನೇ ಆಗುತ್ತದಂತೆ ಬಿಡಿ’ ಎಂದು ಕೂತವರನ್ನು ನೋಡಿದ್ದೇನೆ. ಆಗಿದೆಯೋ ಇಲ್ಲವೋ ಎಂದು ಬೆರಳಚ್ಚು ಕೊಟ್ಟು ನೋಡಿಕೊಳ್ಳಬೇಕು, ಮತ್ತು ಆ ವ್ಯವಸ್ಥೆ ಖಾಸಗಿ ಜಾಲತಾಣದ ಬಾಗಿಲು ತಟ್ಟುವುದಿಲ್ಲ. ಇದೆಲ್ಲ ಈ ರಾಜ್ಯದ ಮಾತು. ಟೆಕ್ಸಾಸಿನಲ್ಲಿ, ಜಾರ್ಜಿಯಾದಲ್ಲಿ, ಫ್ಲಾರಿಡಾದಲ್ಲಿ ಕಾನೂನು ಬೇರೆ, ನಮೂನೆ ಬೇರೆ, ಕಾಯುವ ಅವಧಿ ಬೇರೆ. ಅಲ್ಲಿನ ಭಾವ ಮಾಡಿದ್ದನ್ನು ಇಲ್ಲಿ ಮಾಡಹೋಗಬಾರದು.

ಮೂರನೆಯದನ್ನು ದಪ್ಪ ಅಕ್ಷರದಲ್ಲಿ ಬರೆಯಬೇಕಿತ್ತು. ಅಮೆರಿಕದ ಪೌರತ್ವ ಇಲ್ಲದವರು ಕಡತ ಮುಚ್ಚಿಸುವ ಮುಂಚೆ ಅದರ ಸರ್ಟಿಫೈಡ್ ಪ್ರತಿ ತೆಗೆದಿಟ್ಟುಕೊಳ್ಳಲೇಬೇಕು. ಕೋರ್ಟಿಗೆ ಹೋದ ಕೇಸಾದರೆ ಕ್ಲರ್ಕ್ ಕಿಟಕಿಯಲ್ಲಿ ಪುಟಕ್ಕೆ 50 ಸೆಂಟು, ದೃಢೀಕರಣದ ಮೊಹರಿಗೆ 40 ಡಾಲರ್. ಚಾರ್ಜೇ ಆಗದಿದ್ದರೆ ಡಿಎ ಅಥವಾ ಪೊಲೀಸರಿಂದ ಹಾಗೆಂದು ಬರೆಸಿಕೊಂಡ ಪತ್ರ. ಏಕೆಂದರೆ ವೀಸಾದ ಡಿಎಸ್-160 ಅರ್ಜಿ ಎಂದಾದರೂ ಅರೆಸ್ಟ್ ಆಗಿದ್ದೀರಾ ಎಂದು ಕೇಳುತ್ತದೆ, ಕ್ಷಮಾದಾನ ಸಿಕ್ಕಿದ್ದರೂ ಹೇಳಬೇಕು ಎನ್ನುತ್ತದೆ. ಪೌರತ್ವದ ಎನ್-400 ಕೂಡ ಕಡತ ಮುಚ್ಚಿದ್ದರೂ ಹೇಳಿ ಎನ್ನುತ್ತದೆ. ‘ಕೋರ್ಟೇ ಮೊಹರು ಹಾಕಿದೆಯಲ್ಲ’ ಎಂದು ‘ಇಲ್ಲ’ ಬರೆದವನು, ಇಲ್ಲದ ಅಪರಾಧವನ್ನು ಮುಚ್ಚಿಡಲು ಹೋಗಿ ಸುಳ್ಳು ಹೇಳಿದ ಅಪರಾಧ ಹೊತ್ತುಕೊಳ್ಳುತ್ತಾನೆ. ಹೇಳಿದವನಿಗೆ ಕಾಗದ ಬೇಕು. ಕಡತ ಮುಚ್ಚಿಸಿಯಾದ ಮೇಲೆ ಆ ಕಾಗದ ಹುಡುಕಿಕೊಂಡು ಹೊರಟರೆ ಪಡಿಪಾಟಲು. ಕುಡಿದು ಓಡಿಸಿದ ಆರೋಪದ ಅರೆಸ್ಟಾದರೆ ಶಿಕ್ಷೆಗೆ ಕಾಯದೆ, ವಿದೇಶಾಂಗ ಇಲಾಖೆ ವೀಸಾವನ್ನೇ ರದ್ದು ಮಾಡಬಹುದು. ಮೇಷ್ಟ್ರಿಗೂ ಹಾಗೇ ಮಿಂಚಂಚೆ ಬಂತು. ಇಲ್ಲಿರಲು ತೊಂದರೆಯಿಲ್ಲ, ಊರಿಗೆ ಹೋದರೆ ಹೊಸ ವೀಸಾ ಇಲ್ಲದೆ ಮರಳುವಂತಿಲ್ಲ, ಅದಕ್ಕೆ ವೈದ್ಯರ ತಪಾಸಣೆ ಬೇರೆ.

2025ರ ಏಪ್ರಿಲ್ ನಿಮಗೆ ನೆನಪಿರಬೇಕು. ಸಾವಿರಾರು ವಿದೇಶಿ ವಿದ್ಯಾರ್ಥಿಗಳ ಸೆವಿಸ್ ದಾಖಲೆಯನ್ನು, ಅಂದರೆ ವಿದ್ಯಾರ್ಥಿಯಾಗಿ ಇಲ್ಲಿರುವುದನ್ನು ಗುರುತಿಸುವ ಸರ್ಕಾರಿ ದಾಖಲೆಯನ್ನು, ಸರ್ಕಾರ ಏಕಾಏಕಿ ಕೊನೆಗೊಳಿಸಿತು. ಎಫ್‌ಬಿಐನ ಎನ್‌ಸಿಐಸಿ ಎಂಬ ಅಪರಾಧ ಮಾಹಿತಿ ಕಡತದ ಜೊತೆ ವಿದ್ಯಾರ್ಥಿಗಳ ಹೆಸರುಗಳನ್ನು ತಾಳೆ ನೋಡಿ ಮಾಡಿದ್ದು ಎಂದು ಅಧಿಕಾರಿಗಳೇ ಕೋರ್ಟುಗಳಲ್ಲಿ ಹೇಳಿದರು. ಕೇಸು ವಜಾ ಆದವರು, ಚಾರ್ಜೇ ಆಗದವರು ಅದರಲ್ಲಿದ್ದರು, ಭಾರತದ ಮಕ್ಕಳು ಬಹಳ ಇದ್ದರು. ದೇಶದ ತುಂಬ ದಾವೆಗಳು ಬಿದ್ದ ಮೇಲೆ ತಿಂಗಳ ಕೊನೆಗೆ ದಾಖಲೆ ಮರಳಿ ಕೊಡಲು ಒಪ್ಪಿದರು. ಆಗ ನಮ್ಮ ಕೂಟಗಳು ಸರ್ಕಾರದ ಅನ್ಯಾಯ ಎಂದು ಬೈದವು, ಸರಿಯಾಗಿಯೇ ಬೈದವು. ಹೆಸರು ತಾಳೆ ನೋಡಿ ಕೊನೆಗೇನಾಯಿತು ಎಂದು ಕೇಳದೆ ಹೊರಹಾಕುವ ಅದೇ ಕೆಲಸವನ್ನು ನಮ್ಮ ಶಾಲೆ ಮಾಡಿದಾಗ ಯಾರೂ ಬೈಯಲಿಲ್ಲ.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರದು ಎಂದು ಗೊತ್ತಿದ್ದೇ ಕೆಲವು ಬೇಡಿಕೆಗಳನ್ನು ಇಡುತ್ತಿದ್ದೇನೆ. ಮೇಷ್ಟ್ರನ್ನು ಕೈಬಿಟ್ಟ ತೀರ್ಮಾನವನ್ನು ಬರವಣಿಗೆಯಲ್ಲಿ ಹಿಂತೆಗೆದುಕೊಳ್ಳಿ, ಫೋಟೊ ಹಂಚಿದ ಅದೇ ಗುಂಪಿನಲ್ಲಿ ಚಾರ್ಜೇ ಆಗಿರಲಿಲ್ಲ ಎಂಬುದನ್ನು ಹಾಕಿ. ಸ್ವಯಂಸೇವಕರ ಅರ್ಜಿಯಿಂದ ‘ನೀವು ಎಂದಾದರೂ ಅರೆಸ್ಟ್ ಆಗಿದ್ದೀರಾ’ ಎಂಬ ಪ್ರಶ್ನೆಯನ್ನು ತೆಗೆಯಿರಿ. ಶಿಕ್ಷೆಯಾಗದ ಅರೆಸ್ಟಿನ ಬಗ್ಗೆ ಈ ರಾಜ್ಯದಲ್ಲಿ ಕೆಲಸ ಕೊಡುವ ಕಂಪನಿಗಳೇ ಕೇಳುವಂತಿಲ್ಲದಿರುವಾಗ ಕಾಗುಣಿತ ಕಲಿಸಲು ಕೇಳುವುದೇನಿದೆ? ಬದಲಿಗೆ ಎಲ್ಲರಿಗೂ ಲೈವ್ ಸ್ಕ್ಯಾನ್ ಮಾಡಿಸಿ, ಖರ್ಚನ್ನು ಕೂಟವೇ ಕೊಡಲಿ. ಯುಗಾದಿ ಕಾರ್ಯಕ್ರಮದ ಧ್ವನಿವರ್ಧಕದ ಬಾಡಿಗೆಗಿಂತ ಹೆಚ್ಚಾಗಲಾರದು. ಕೂಟದ ಯಾವುದೇ ಗುಂಪಿನಲ್ಲಿ ಜೈಲಿನ ಫೋಟೊ ಹಾಕಿದವರನ್ನು, ಅವರು ದಾನಿಗಳೇ ಆಗಿರಲಿ, ಅಡ್ಮಿನ್‌ಗಳು ತೆಗೆದುಹಾಕುವ ನಿಯಮ ಬರಲಿ.

ಇನ್ನು ಸೆಮಿನಾರಿನ ವಿಷಯ. ವಕೀಲರನ್ನು ಇಟ್ಟುಕೊಳ್ಳಲಾಗದವರ ಪರ ವಾದಿಸುವ ಸರ್ಕಾರಿ ವಕೀಲರ, ಅಂದರೆ ಹಲವು ಕೌಂಟಿಗಳ ಪಬ್ಲಿಕ್ ಡಿಫೆಂಡರ್ ಕಚೇರಿಗಳಲ್ಲಿ ಕಡತ ಮುಚ್ಚಿಸಿಕೊಡಲೆಂದೇ ‘ಕ್ಲೀನ್ ಸ್ಲೇಟ್’ ವಿಭಾಗಗಳಿವೆ. ಅವರನ್ನು ಕರೆಸಿ, ಜೊತೆಗೆ ಇಮಿಗ್ರೇಷನ್ ಮತ್ತು ಕ್ರಿಮಿನಲ್ ಎರಡೂ ಬಲ್ಲ ವಕೀಲರೊಬ್ಬರನ್ನು ಕೂರಿಸಿ. ಎರಡೂ ಬಲ್ಲವರೇ ಏಕೆ ಬೇಕೆಂದರೆ, ಕೌಂಟಿ ಕೋರ್ಟಿನಲ್ಲಿ ‘ತಪ್ಪೊಪ್ಪಿಕೊಂಡು ಕ್ಲಾಸಿಗೆ ಹೋಗಿ, ಕೇಸು ವಜಾ ಆಗುತ್ತದೆ’ ಎನ್ನುವ ಒಪ್ಪಂದ ರಾಜ್ಯದ ಲೆಕ್ಕದಲ್ಲಿ ಏನೂ ಅಲ್ಲದಿದ್ದರೂ ಇಮಿಗ್ರೇಷನ್ ಲೆಕ್ಕದಲ್ಲಿ ಶಿಕ್ಷೆಯೇ ಆಗಿಬಿಡಬಹುದು. ತಪ್ಪೊಪ್ಪಿಗೆಯಿಂದ ಗಡೀಪಾರಿನ ಅಪಾಯ ಇದೆಯೇ ಎಂದು ಕಕ್ಷಿದಾರನಿಗೆ ತಿಳಿಸುವುದು ವಕೀಲರ ಕರ್ತವ್ಯ ಎಂದು ಅಮೆರಿಕದ ಸುಪ್ರೀಂ ಕೋರ್ಟು 2010ರಲ್ಲೇ ಪಡಿಯಾ (Padilla) ಪ್ರಕರಣದಲ್ಲಿ ಹೇಳಿದೆ. ಕೇಳುವ ಧೈರ್ಯ ನಮ್ಮವರಿಗೆ ಬರಬೇಕು. ಸಭೆಯಲ್ಲಿ ಕೈಯೆತ್ತಿ ಯಾರೂ ಕೇಳುವುದಿಲ್ಲ, ಆದ್ದರಿಂದ ಹೆಸರಿಲ್ಲದೆ ಚೀಟಿಯಲ್ಲಿ ಪ್ರಶ್ನೆ ಬರೆದು ಹಾಕುವ ಡಬ್ಬಿ ಇಡಿ.

ಕಾರ್ಯಕಾರಿ ಸಮಿತಿಯ ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಈ ಪತ್ರವನ್ನು ಸೇರಿಸಬೇಕೆಂದು ಕೋರುತ್ತೇನೆ. ಸಿಆರ್-409 ತುಂಬುವ ಬಗೆಯನ್ನು ಕನ್ನಡದಲ್ಲಿ ಬರೆದುಕೊಡಲು ನಾನು ಸಿದ್ಧಳಿದ್ದೇನೆ, ನಮ್ಮ ಕಚೇರಿಯ ವಕೀಲರು ಅದನ್ನು ನೋಡಿಕೊಡಲು ಒಪ್ಪಿದ್ದಾರೆ. ಸಭೆ ಯಾವಾಗ ಎಂದು ತಿಳಿಸಿದರೆ ಬಂದು ಮಾತಾಡುತ್ತೇನೆ.

ಇತಿ,
ನಿಮ್ಮ ಕೂಟದ ಸದಸ್ಯೆ, ಕನ್ನಡ ಶಾಲೆಯ ವಿದ್ಯಾರ್ಥಿನಿಯೊಬ್ಬಳ ತಾಯಿ